ಎದುರುಮನೆಯ ಫೋನು

ಹದಿನಾಲ್ಕು ವರ್ಷದಿಂದ ಒಂದೇ ಕಂಪನಿಯ ಫೋನು ಮಾರುತ್ತಾ ಬಂದವಳ ಕಣ್ಣೆದುರಿಗೇ, ಅವಳ ಸ್ವಂತ ತಂಗಿ ಬೇರೆ ಕಂಪನಿಯ ಕೌಂಟರಿನಲ್ಲಿ ನಿಂತು ಫೋನು ಆರಿಸುತ್ತಿದ್ದರೆ ಹೇಗಿರುತ್ತದೆ ಹೇಳಿ. ನನಗಂತೂ ಮೈಯೆಲ್ಲ ಉರಿದುಹೋಯಿತು.

ನಮ್ಮದು ದೊಡ್ಡ ಅಂಗಡಿ. ನಡುವೆ ಓಡಾಡಲು ಜಾಗ, ಎರಡೂ ಬದಿಗೆ ಕೌಂಟರುಗಳು. ಎಡಕ್ಕೆ ನಮ್ಮ ಕಂಪನಿ, ಅಲ್ಲಿ ನಾನು. ಬಲಕ್ಕೆ ನಮ್ಮ ಎದುರಾಳಿ ಕಂಪನಿ, ಅಲ್ಲೊಬ್ಬ ಸದಾ ಹಲ್ಲು ಕಿರಿಯುವ ಮನುಷ್ಯ. ಅವನಿಗೆ ನಾವಿಟ್ಟ ಹೆಸರು ಎದುರುಮನೆ. ಅವನ ಗಿರಾಕಿಯನ್ನು ನಾನು ಎಳೆಯಬೇಕು, ನನ್ನ ಗಿರಾಕಿಯನ್ನು ಅವನು ಎಳೆಯಬೇಕು. ನಮ್ಮಿಬ್ಬರ ಹೊಟ್ಟೆಪಾಡೇ ಅದು.

ಜನ ಯಾಕೆ ಫೋನಿನ ಕಂಪನಿ ಬದಲಾಯಿಸುತ್ತಾರೆ ಎಂದು ನನ್ನನ್ನು ಕೇಳಿ. ನಮ್ಮನ್ನು ಬಿಟ್ಟು ಹೋಗುವವರಿಂದ ನಾನೊಂದು ಫಾರಂ ತುಂಬಿಸಬೇಕು. ಅದರಲ್ಲಿ ಕಾರಣಗಳಿವೆ: ಬ್ಯಾಟರಿ, ಕ್ಯಾಮೆರಾ, ಬೆಲೆ, ರಿಪೇರಿ, ಕಟ್ಟಕಡೆಗೆ ‘ಇತರೆ’. ಬ್ಯಾಟರಿ ಎಂದು ಗುರುತು ಹಾಕುವವರಲ್ಲಿ ಅರ್ಧ ಜನರ ಬ್ಯಾಟರಿ ಗಟ್ಟಿಮುಟ್ಟಾಗಿರುತ್ತದೆ. ಅಸಲಿಗೆ ಅವರ ಭಾವಮೈದುನ ಹೋದ ವಾರ ಹೊಸ ಫೋನು ತಂದಿರುತ್ತಾನೆ, ಅಷ್ಟೇ. ಬಿಡದೆ ಉಳಿದವರೂ ಪ್ರೀತಿಯಿಂದ ಉಳಿದವರೇನಲ್ಲ. ಫೋಟೋ ಹೋದೀತು, ನಂಬರುಗಳು ಹೋದಾವು ಎಂಬ ಹೆದರಿಕೆಗೆ ಉಳಿದವರೇ ಜಾಸ್ತಿ. ಆ ಹೆದರಿಕೆಯನ್ನು ಮೆಲ್ಲಗೆ ಚಿವುಟುವುದು ನನ್ನ ಕಸುಬು. ಬಿಟ್ಟು ಹೋಗುತ್ತೇನೆಂದು ಹತ್ತು ಜನ ಬಂದರೆ ಏಳು ಜನ ನಮ್ಮ ಫೋನು ಹಿಡಿದೇ ಮನೆಗೆ ಹೋಗುತ್ತಾರೆ. ‘ಇತರೆ’ಗೆ ಗುರುತು ಹಾಕಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಏನೇ, ಕಣ್ಣು ಕಾಣಲ್ವಾ? ನಿಮ್ಮಕ್ಕ ಈ ಕಡೆ ನಿಂತಿದೀನಿ!” ಎಂದು ಕೂಗಿದೆ. ಅಂಗಡಿಯೆಲ್ಲ ತಿರುಗಿ ನೋಡಿತು. ಎದುರುಮನೆ ಹಲ್ಲು ಕಿರಿದ.

ತಂಗಿಗೆ ಮೂವತ್ತನಾಲ್ಕು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನೀಷಿಯನ್. ಎಂಟು ತಿಂಗಳಿಂದ ನನಗೆ ಒಂದು ಫೋನು ಮಾಡಿರಲಿಲ್ಲ, ನಾನು ಮಾಡಿದರೆ ಸಿಗುತ್ತಿರಲಿಲ್ಲ. ನನಗೆ ಆ ಸಿಟ್ಟು ಬೇರೆ ಇತ್ತು. ಕೈಹಿಡಿದು ನನ್ನ ಕೌಂಟರಿಗೆ ಎಳೆದು ತಂದೆ. ಹೆಗಲಲ್ಲಿ ದಪ್ಪನೆಯ ಚೀಲ, ಅದನ್ನು ಕೆಳಗಿಡು ಎಂದರೂ ಇಡಲಿಲ್ಲ.

“ಹಳೇ ಫೋನೆಲ್ಲಿ?”

“ಮನೇಲಿದೆ. ಬ್ಯಾಟರಿ ನಿಲ್ತಾ ಇಲ್ಲ.”

“ಬ್ಯಾಟರಿ ಮೂರು ತಿಂಗಳ ಹಿಂದೆ ನಾನೇ ಹೊಸದು ಹಾಕ್ಸಿದೀನಿ. ನಿನ್ನ ಗಂಡ ತಂದಿದ್ರು.”

“ಅದಲ್ಲ, ಕ್ಯಾಮೆರಾ.”

“ನೀನು ಯಾವತ್ತೇ ಫೋಟೋ ತೆಗ್ದಿದೀಯ?”

ಅವಳು ಗೋಡೆಯ ಗಡಿಯಾರ ನೋಡಿದಳು. ಮೂರು ಹೊಡೆಯಲು ಹತ್ತು ನಿಮಿಷವಿತ್ತು. “ಅಕ್ಕ, ಆ ಕಡೇದೇ ಇರ್ಲಿ. ಬರೀ ಖಾಲಿ ಫೋನ್ ಸಾಕು. ಹಳೇದರಿಂದ ಏನೂ ಹಾಕೋದು ಬೇಡ.”

“ಏನೂ ಬೇಡ್ವಾ? ಅಮ್ಮನ ಫೋಟೋನೂ ಬೇಡ್ವಾ?”

ಅವಳು ಮುಖ ಆಚೆ ತಿರುಗಿಸಿದಳು. “ಬೇಡ” ಎಂದಳು. ಅಮ್ಮ ತೀರಿಕೊಂಡು ಎರಡು ವರ್ಷವೂ ಆಗಿಲ್ಲ. ಇವಳ ಕೊಬ್ಬೇ ಎಂದುಕೊಂಡೆ.

“ಮುಖ ತೊಳ್ಕೊಂಡು ಬರ್ತೀನಿ. ಅಷ್ಟರಲ್ಲಿ ಅದನ್ನ ಕೊಡ್ಸಿರು ಅಕ್ಕ. ಆ ಕಡೇದು,” ಎಂದು ಚೀಲದ ಸಮೇತ ಹಿಂದುಗಡೆ ಬಚ್ಚಲಿಗೆ ಹೋದಳು.

ನಾನು ಕೊಡಿಸುತ್ತೇನೆಯೇ? ಈ ಹುಚ್ಚು ಮುಂಡೇದು ಫೋಟೋ ನೋಡಿದರೆ ಕರಗುತ್ತಾಳೆ ಎಂದು ನಮ್ಮದೇ ಹೊಸ ಫೋನಿನ ಡಬ್ಬಿ ಒಡೆದೆ. ನನ್ನ ಕಡೆಯಿಂದ ಉಡುಗೊರೆ ಎಂದರಾಯಿತು. ಹಳೆಯ ಫೋನು ಕೈಯಲ್ಲಿ ಇರಲೇಬೇಕೆಂದೇನಿಲ್ಲ, ಎಲ್ಲವೂ ಕಂಪನಿಯ ಖಾತೆಯಲ್ಲಿ ಇರುತ್ತದೆ. ಅವಳ ಖಾತೆ ತೆರೆದುಕೊಟ್ಟವಳೇ ನಾನು, ಪಾಸ್‌ವರ್ಡು ಬಾಯಿಪಾಠ. ಹಾಕಿದೆ. ತೆರೆಯ ಮೇಲೆ ‘ಕುಟುಂಬದ ಮುಖ್ಯಸ್ಥರ ಅನುಮತಿಗಾಗಿ ಕಾಯಲಾಗುತ್ತಿದೆ’ ಎಂದು ಬಂತು.

ನನಗೇನೂ ಅನ್ನಿಸಲಿಲ್ಲ. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನರ ಫೋನು ಹೀಗೆ ಕೇಳುತ್ತದೆ. ಅದು ನನ್ನದೇ ಉಪಾಯ. ವಯಸ್ಸಾದ ಅಪ್ಪ ಅಮ್ಮ ಬಂದದ್ದೆಲ್ಲ ಒತ್ತಿ ಮೋಸ ಹೋಗುತ್ತಾರೆ ಎಂದು ಮಕ್ಕಳು ಗೋಳಾಡುತ್ತಿದ್ದರು. ನಮ್ಮ ಫೋನಿನಲ್ಲಿ ಚಿಕ್ಕ ಮಕ್ಕಳಿಗೆ ಬೇರೆ ಬಗೆಯ ಖಾತೆ ಇದೆ: ಏನು ಹಾಕಿಕೊಂಡರೂ ದೊಡ್ಡವರು ಒಪ್ಪಬೇಕು, ಯಾರಿಗೆ ಫೋನು ಮಾಡಬಹುದು, ಎಷ್ಟು ಹೊತ್ತಿಗೆ ಮುಚ್ಚಬೇಕು, ಎಲ್ಲಿದ್ದಾರೆ, ಎಲ್ಲವೂ ದೊಡ್ಡವರ ಕೈಯಲ್ಲಿ. ಖಾತೆ ತೆರೆಯುವಾಗ ಹುಟ್ಟಿದ ವರ್ಷವನ್ನು ಸ್ವಲ್ಪ ಈಚೆಗೆ ಹಾಕಿದರೆ ಎಪ್ಪತ್ತರ ಮುದುಕಿಯೂ ಮಗುವೇ. ನಾನು ಎಲ್ಲರಿಗೂ ಎಂಟು ವರ್ಷ ಹಾಕುತ್ತಿದ್ದೆ. ಹದಿಮೂರು ತುಂಬುವವರೆಗೆ ಆ ಖಾತೆಯಿಂದ ಬಿಡುಗಡೆಯಿಲ್ಲ. ಐದು ವರ್ಷ ನಿಶ್ಚಿಂತೆ. ಮ್ಯಾನೇಜರು ಮೀಟಿಂಗಿನಲ್ಲಿ ನನ್ನ ಬೆನ್ನು ತಟ್ಟಿ, ಇದರಿಂದ ಕುಟುಂಬ ಪೂರ್ತಿ ನಮ್ಮ ಕಂಪನಿಯಲ್ಲೇ ಉಳಿಯುತ್ತದೆ ಎಂದಿದ್ದರು. ಉಳಿಯದೆ ಎಲ್ಲಿಗೆ ಹೋಗುತ್ತಾರೆ?

ಅರ್ಧ ನಿಮಿಷಕ್ಕೆಲ್ಲ ಹಸಿರು ಗುರುತು ಬಂತು. ಅನುಮತಿ ಸಿಕ್ಕಿತು. ಫೋಟೋಗಳು ಒಂದೊಂದಾಗಿ ಇಳಿಯತೊಡಗಿದವು. ತಂಗಿ ಒದ್ದೆ ಮುಖದಲ್ಲೇ ಬಂದಳು. ನಾನು ಫೋನು ಎತ್ತಿ ತೋರಿಸಿದೆ.

“ನೋಡು, ಅಮ್ಮ! ಒಂದೂ ಬಿಟ್ಟುಹೋಗಿಲ್ಲ. ಬೆಳಿಗ್ಗೆ ಐದು ಗಂಟೆ ಅಲಾರಾಂ ಕೂಡ ಬಂದಿದೆ.”

ಅವಳ ಮುಖ ಬಿಳಿಚಿಕೊಂಡಿತು. ಚೀಲ ಹೆಗಲಿಂದ ಜಾರಿ ಧೊಪ್ಪನೆ ನೆಲಕ್ಕೆ ಬಿತ್ತು.

“ಏನ್ ಮಾಡ್ಬಿಟ್ಟೆ ಅಕ್ಕ?”

“ಏನಾಯ್ತೇ?”

“ಅದನ್ನ ಮನೇಲಿ ಬಿಟ್ಟು ಬಂದಿದ್ದೆ. ನಾನು ಮನೇಲಿದೀನಿ ಅಂತ ಅವರಿಗೆ ಕಾಣ್ಲಿ ಅಂತ ಬಿಟ್ಟು ಬಂದಿದ್ದೆ.”

ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ. ಅಮ್ಮನ ಫೋಟೋದ ಮೇಲೆ ಒಂದು ಪಟ್ಟಿ ಇಳಿದು ಬಂದಿತ್ತು: ‘ಮಗುವಿನ ಹೊಸ ಫೋನು ಸಿದ್ಧವಾಗಿದೆ. ಮಗುವಿನ ವಯಸ್ಸು: 11. ಇರುವ ಜಾಗವನ್ನು ಮುಖ್ಯಸ್ಥರಿಗೆ ತಿಳಿಸಲಾಗಿದೆ.’

ಹನ್ನೊಂದು. ಎಂಟಕ್ಕೆ ಮೂರು ಸೇರಿದರೆ ಹನ್ನೊಂದು.

ಮೂರು ವರ್ಷದ ಹಿಂದೆ ಅವಳ ಗಂಡ ಇದೇ ಕೌಂಟರಿನ ಮುಂದೆ ಹೊಸ ಫೋನು ಹಿಡಿದು ನಿಂತಿದ್ದ. ಔಷಧಿ ಸಗಟು ಕಂಪನಿಯಲ್ಲಿ ಮ್ಯಾನೇಜರು, ನಯವಾದ ಮಾತು, ನನ್ನನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದ. “ಇವಳಿಗೇನು ತಿಳಿಯತ್ತೆ ಅಕ್ಕ, ಮಗು ಥರ. ನೀವು ಮುದುಕರಿಗೆ ಮಾಡಿಕೊಡ್ತೀರಲ್ಲ, ಅದನ್ನೇ ಇವಳಿಗೂ ಮಾಡಿಬಿಡಿ,” ಎಂದು ನಕ್ಕಿದ್ದ. ನಾನೂ ಹೊಟ್ಟೆ ಹಿಡಿದು ನಕ್ಕಿದ್ದೆ. ನಗುನಗುತ್ತಲೇ ಅವಳ ಹುಟ್ಟಿದ ವರ್ಷ ಬದಲಾಯಿಸಿ, ಮುಖ್ಯಸ್ಥರು ಎಂಬಲ್ಲಿ ಅವನ ಹೆಸರು ಹಾಕಿದ್ದೆ. ತಂಗಿ ಪಕ್ಕದಲ್ಲೇ ನಿಂತಿದ್ದಳು. ಅವಳು ನಕ್ಕಿದ್ದಳೋ ಇಲ್ಲವೋ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ನಾನು ಅವತ್ತು ಅವಳ ಕಡೆ ನೋಡಿರಲೇ ಇಲ್ಲ.

“ನೀನು ಫೋನು ಯಾಕೆ ಮಾಡ್ತಿರ್ಲಿಲ್ಲ?” ಎಂದೆ.

“ಆರು ನಂಬರಿಗೆ ಮಾತ್ರ ಹೋಗತ್ತೆ. ನಿನ್ನ ನಂಬರ್ ತೆಗೆದು ಎಂಟು ತಿಂಗಳಾಯ್ತು. ರಾತ್ರಿ ಒಂಬತ್ತಾದ್ರೆ ತಾನೇ ಮುಚ್ಕೊಳ್ಳತ್ತೆ. ಲ್ಯಾಬಿಂದ ಬರೋದು ಹತ್ತು ನಿಮಿಷ ತಡವಾದ್ರೆ ಯಾವ ರಸ್ತೇಲಿ ನಿಂತಿದ್ದೆ ಅಂತ ಮನೆಗೆ ಹೋದ ಕೂಡಲೇ ಲೆಕ್ಕ ಕೊಡ್ಬೇಕು. ಏನಾದ್ರೂ ಅಂದ್ರೆ, ನಿಮ್ಮಕ್ಕನೇ ಮಾಡಿಕೊಟ್ಟಿದ್ದಲ್ವಾ ಅಂತಾರೆ.”

“ನನಗೆ ಒಂದು ಮಾತು ಹೇಳ್ಬಾರ್ದಿತ್ತೇನೇ?”

“ಹೇಳಿದ್ದೆ ಅಕ್ಕ. ಹೋದ ವರ್ಷ ನಿಮ್ಮನೆ ಅಡುಗೆಮನೇಲಿ. ಅಷ್ಟು ಕಾಳಜಿ ಮಾಡೋ ಗಂಡ ಯಾರಿಗೆ ಸಿಗ್ತಾನೆ ಅಂದೆ ನೀನು.”

ಅಂದಿದ್ದೆ. ಪಾತ್ರೆ ಉಜ್ಜುತ್ತಿದ್ದೆ, ತಿರುಗಿ ಕೂಡ ನೋಡದೆ ಅಂದಿದ್ದೆ. ನನಗೆ ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಬೇರೆ ಊರಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತಂತೆ. ಜೊತೆಗೆ ಓದಿದ ಗೆಳತಿಯೊಬ್ಬಳು ತನ್ನ ಕೋಣೆಯಲ್ಲಿ ಜಾಗ ಕೊಟ್ಟಿದ್ದಳು, ಹೊಸ ಸಿಮ್ಮನ್ನೂ ತೆಗೆದುಕೊಟ್ಟಿದ್ದಳು. ನಾಲ್ಕೂವರೆಗೆ ಬಸ್ಸು. ಗಂಡ ಆಫೀಸಿನಿಂದ ಮನೆಗೆ ಬರುವುದು ಆರಕ್ಕೆ. ಅಷ್ಟರೊಳಗೆ ಊರು ದಾಟಬೇಕಿತ್ತು. ನಮ್ಮ ಕಂಪನಿಯ ಯಾವ ಫೋನಿನಲ್ಲಿ ತನ್ನ ಖಾತೆ ಹಾಕಿದರೂ ಅವಳು ಮತ್ತೆ ಆ ಹನ್ನೊಂದು ವರ್ಷದ ಮಗುವೇ. ಅದಕ್ಕೇ ಬೇರೆ ಕಂಪನಿ, ಅದಕ್ಕೇ ಖಾಲಿ ಫೋನು.

ಕೈಯಲ್ಲಿದ್ದ ಹೊಸ ಫೋನು ಹೊಡೆದುಕೊಂಡಿತು; ಸಿಮ್ ಇಲ್ಲದಿದ್ದರೂ ಖಾತೆಗೆ ನೇರವಾಗಿ ಕರೆ ಬರುತ್ತದೆ. ತೆರೆಯ ತುಂಬ ಅವಳ ಗಂಡನ ನಗುಮುಖ. ಇಬ್ಬರೂ ಗರ ಬಡಿದವರ ಹಾಗೆ ಅದನ್ನೇ ನೋಡುತ್ತ ನಿಂತೆವು. ಅದು ನಿಂತಿತು, ಬೆನ್ನಿಗೇ ನನ್ನ ಫೋನು ಹೊಡೆದುಕೊಂಡಿತು. ಎತ್ತಿದೆ.

“ಅಕ್ಕ, ನಮ್ಮವಳು ಮನೇಲೂ ಇದಾಳೆ, ನಿಮ್ಮ ಅಂಗಡೀಲೂ ಇದಾಳೆ ಅಂತ ತೋರಿಸ್ತಿದೆಯಲ್ಲ!” ಎಂದು ನಕ್ಕ. “ಹೊಸ ಫೋನ್ ಕೊಡಿಸ್ತಿದೀರಾ? ಎಲ್ಲಿದಾಳೆ ನೋಡೋಣ ಅಂತ ಅನುಮತಿ ಕೊಟ್ಟೆ. ಅಲ್ಲೇ ಕೂರ್ಸಿಕೊಂಡಿರಿ, ಹತ್ತು ನಿಮಿಷದಲ್ಲಿ ಬಂದೆ.”

ಹದಿನಾಲ್ಕು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಗೆ ಅದೇ ಬಂತು. “ಹೂಂ” ಎಂದೆ. ಹೂಂ ಎಂದುಬಿಟ್ಟೆ.

ನಡುವಿನ ಓಡಾಟದ ಜಾಗದ ಆಚೆಯಿಂದ ಎದುರುಮನೆ ಎಲ್ಲ ಕೇಳಿಸಿಕೊಂಡಿದ್ದ. ಕೈಯಲ್ಲಿ ತನ್ನ ಕಂಪನಿಯ ಡಬ್ಬಿ ಹಿಡಿದು ಬಂದು ತಂಗಿಯ ಚೀಲಕ್ಕೆ ತುರುಕಿದ. ಅವನ ಮುಖದಲ್ಲಿ ಹಲ್ಲು ಕಾಣದ್ದು ನಾನು ಅವತ್ತೇ ನೋಡಿದ್ದು.

“ಬಿಲ್ ಗಿಲ್ ಆಮೇಲೆ ನೋಡ್ಕೊಳ್ಳೋಣ ಮೇಡಂ. ಗೋಡೌನ್ ಬಾಗಿಲು ತೆಗ್ದಿದೀನಿ, ಹಿಂದುಗಡೆ ನನ್ನ ಸ್ಕೂಟರ್ ಇದೆ. ಬಸ್ ಸ್ಟ್ಯಾಂಡ್ ಬೇಡ, ಅಲ್ಲಿಗೂ ಬರಬಹುದು. ಮುಂದಿನ ಸ್ಟಾಪಿಗೆ ಬಿಡ್ತೀನಿ, ಅಲ್ಲೇ ಹತ್ಲಿ.”

ಪೆಟ್ಟಿಗೆಗಳ ನಡುವೆ ಗೋಡೌನಿನ ಬಾಗಿಲವರೆಗೆ ಅವಳ ಹಿಂದೆ ಓಡಿದೆ. “ನಂಬರ್ ಕೊಟ್ಟು ಹೋಗೇ,” ಎಂದೆ.

ಅವಳು ನಿಂತಳು. ಅಳುತ್ತಿರಲಿಲ್ಲ. “ಕೊಡಲ್ಲ ಅಕ್ಕ.”

“ನಾನು ಕಣೇ! ನಾನು!”

“ನೀನು ಕೆಟ್ಟೋಳಲ್ಲ. ಆದ್ರೆ ಕೊಡಲ್ಲ.” ಚೀಲವನ್ನು ಹೆಗಲಿಗೇರಿಸಿಕೊಂಡಳು. “ಫೋನು ಯಾವ ಅಂಗಡೀಲಾದ್ರೂ ಸಿಗ್ತಿತ್ತು. ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ನಾನು ಹೋಗಿ ಕೌಂಟರಿನಲ್ಲಿ ನಿಂತೆ. ಬೇರೆಲ್ಲಿಗೆ ಹೋಗಲಿ?

ಅವಳ ಗಂಡ ಹತ್ತು ನಿಮಿಷವೂ ತೆಗೆದುಕೊಳ್ಳಲಿಲ್ಲ. ತನ್ನ ಫೋನಿನಲ್ಲಿ ಮಿನುಗುವ ಚುಕ್ಕೆಯನ್ನು ನೋಡುತ್ತಲೇ ಒಳಗೆ ಬಂದು, ನೋಡುತ್ತಲೇ ನನ್ನ ಕೌಂಟರಿಗೆ ಬಂದು ತಲೆಯೆತ್ತಿದ. ಚುಕ್ಕೆ ಇದ್ದಲ್ಲಿ ನಾನಿದ್ದೆ. ಮೇಜಿನ ಮೇಲೆ ಅಮ್ಮನ ಫೋಟೋ ಹೊತ್ತ ಹೊಸ ಫೋನಿತ್ತು.

“ಎಲ್ಲಿ ಅಕ್ಕ ಇವಳು?”

“ಹೋದ್ಲು.”

ಅವನು ಆಗಲೂ ನಗುತ್ತಲೇ ಇದ್ದ, ಕಣ್ಣು ಮಾತ್ರ ನಗುತ್ತಿರಲಿಲ್ಲ. “ಎಲ್ಲಿಗೆ? ಬೇರೆ ಫೋನ್ ಕೊಡಿಸಿದ್ರಾ? ಹೊಸ ನಂಬರ್ ಕೊಡಿ.”

“ನನ್ನ ಹತ್ರ ಇಲ್ಲ.”

“ಸುಳ್ಳು ಹೇಳ್ಬೇಡಿ ಅಕ್ಕ. ಒಡಹುಟ್ಟಿದ ಅಕ್ಕನಿಗೂ ನಂಬರ್ ಕೊಡದೆ ಹೋಗ್ತಾಳಾ?”

“ಕೊಡ್ಲಿಲ್ಲ,” ಎಂದೆ. ಅಲ್ಲಿಗೆ ನನ್ನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಅವನು ನನ್ನ ಮುಖವನ್ನೇ ದಿಟ್ಟಿಸಿದ. ಅದು ಸುಳ್ಳಲ್ಲ ಎಂದು ಅವನಿಗೂ ತಿಳಿಯಿತು. ಬಿರಬಿರನೆ ಹೊರಗೆ ಹೋದ. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು.

ಐದೂ ಕಾಲಿಗೆ ಎದುರುಮನೆ ವಾಪಸ್ಸು ಬಂದ. “ಹತ್ತಿದ್ರು ಮೇಡಂ. ಬಸ್ ಹೊರಟ ಮೇಲೇ ಬಂದಿದ್ದು,” ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋದ.

ನಾನು ಡ್ರಾಯರಿನಿಂದ ಒಂದು ಫಾರಂ ತೆಗೆದೆ. ಗಿರಾಕಿಯ ಹೆಸರು ಬರೆದೆ. ವಯಸ್ಸು ಎಂಬಲ್ಲಿ ಮೂವತ್ತನಾಲ್ಕು ಎಂದು ಅಕ್ಷರದಲ್ಲೇ ಬರೆದೆ. ಬ್ಯಾಟರಿ, ಕ್ಯಾಮೆರಾ, ಬೆಲೆ, ರಿಪೇರಿ ಎಲ್ಲ ದಾಟಿ ‘ಇತರೆ’ಗೆ ಗುರುತು ಹಾಕಿದೆ. ಕಾರಣವನ್ನು ವಿವರಿಸಿ ಎಂದು ಕೆಳಗೊಂದು ಖಾಲಿ ಗೆರೆ ಇತ್ತು. ಅದರಲ್ಲಿ ‘ಅಕ್ಕ’ ಎಂದು ಬರೆದೆ.