ಅಡ್ಡ ಬದು

"ಬದುವಿನ ಆಚೀಕಡಿ ಹೊಲ ನನಗಿರ್ಲಿ," ಎಂದು ಸಿದ್ಧಲಿಂಗ ಬೆರಳು ಮಾಡಿ ತೋರಿಸಿದ್ದು ಅತ್ತಿಗೆ ಹತ್ತು ವರ್ಷ ದುಡಿದ ಮೂರೆಕರೆಯನ್ನು.

ಗುಂಡಗುರ್ತಿಯ ಆ ಆರೆಕರೆ ಅಂದು ಪಾಲಾಗಬೇಕಿತ್ತು. ಹಿರಿಯರು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ಅದು ಆ ಮನೆತನದ ಪದ್ಧತಿ. ಗಂಡ ತೀರಿಹೋದ ಮೇಲೆ ಹಿರಿತನ ಅತ್ತಿಗೆ ಶರಣಬಸಮ್ಮನದು. ನಡುವಿನ ಹಳೆಯ ಬದುವೇ ಗಡಿ ಎಂದು ಹೇಳಿ ಆಕೆ ಸುಮ್ಮನಾಗಿದ್ದಳು. ಅವರವರು ಉತ್ತಿದ್ದು ಅವರವರಿಗೇ ಉಳಿಯುತ್ತದೆ, ಅದರಲ್ಲಿ ಆರಿಸುವುದೇನು ಬಂತು ಎಂದುಕೊಂಡಿದ್ದಳು ಪಾಪ.

ಈಗ ಮೈಯೆಲ್ಲ ಉರಿಯಿತು. ತೊಗರಿಯ ಉದುರೆಲೆಯನ್ನು ಒಂದು ವರ್ಷವೂ ಸುಡದೆ ಮಣ್ಣಿಗೇ ಬಿಟ್ಟವಳು ಆಕೆ. ತಿಪ್ಪೆಗೊಬ್ಬರ ತಲೆಯ ಮೇಲೆ ಹೊತ್ತು ಹಾಕಿದವಳು, ಕುರಿ ಮಂದೆ ನಿಲ್ಲಿಸಿದವಳು. ಈ ಮಹಾಶಯನೋ, ರಾಶಿಯಾದ ಮರುದಿನವೇ ಕಡ್ಡಿ ಗೀರಿ ಹೊಲಕ್ಕೆಲ್ಲ ಬೆಂಕಿ ಇಟ್ಟು, ಮುಂಗಾರಿಗೆ ಯೂರಿಯಾ ಎರಚಿ, ಬೆಳೆ ಬರಲಿಲ್ಲವೆಂದು ಊರ ತುಂಬ ಗೋಳಾಡುವವನು.

"ಎರಡೂ ಮೂರೆಕರೀನೇ ಅಲ್ಲೇನವ್ವಾ," ಎಂದರು ಪಾಲು ಬರೆಸಲು ಬಂದಿದ್ದ ಊರ ಹಿರಿಯ ಅಮೃತಪ್ಪ. "ಎರಿ ಮಣ್ಣಾಗ ಭೇದ ಏನದ?"

"ಏನದ ತೋರಸ್ತೀನಿ, ನೋಡ್ರಿ."

ಚಹಾ ಕುಡಿದಿಟ್ಟ ಎರಡು ಗಾಜಿನ ಲೋಟಗಳಿಗೆ ನೀರು ತುಂಬಿ, ಎರಡೂ ಹೊಲಗಳಿಂದ ಒಂದೊಂದು ಒಣ ಹೆಂಟೆ ತಂದು ಬಿಟ್ಟಳು. ಸಿದ್ಧಲಿಂಗನ ಹೆಂಟೆ ನೀರು ತಾಗಿದ್ದೇ ತಡ, ಪುಡಿಪುಡಿಯಾಗಿ ಕುಸಿದು ನೀರೆಲ್ಲ ರಾಡಿಯಾಯಿತು. ಆಕೆಯದು ಹಾಗೇ ಕೂತಿತ್ತು.

"ಸುಟ್ಟ ಮಣ್ಣಿಗಿ ಕಸುವಿಲ್ಲ. ದೊಡ್ಡ ಮಳಿ ಬಿದ್ರ ಹಳ್ಳಕ್ಕ ಹೋಗ್ತದ. ಈಗ ಹೇಳ್ರಿ, ಎರಡೂ ಒಂದೇ ಏನು?"

ಅಮೃತಪ್ಪ ಬಾಯಿ ತೆರೆಯುವ ಮೊದಲೇ ಸಿದ್ಧಲಿಂಗ ನಕ್ಕ. "ಅದಕ್ಕೇ ಅದನ್ನ ಕೇಳ್ಲಾಕತ್ತೀನಿ, ವೈನಿ."

ಮಾನ ಮರ್ಯಾದೆ ಬಿಟ್ಟವನ ನಗು ಅದು. ಅಮೃತಪ್ಪ ಲೋಟದಿಂದ ಕಣ್ಣು ತೆಗೆದು ನಿಟ್ಟುಸಿರಿಟ್ಟರು. "ಸಣ್ಣಾಂವ ಆರಿಸಬೇಕು. ಪದ್ಧತಿ ಮುರೀಲಾಕ ಬರಂಗಿಲ್ಲ ಯವ್ವಾ."

"ಮುರಿಯೋದು ಬ್ಯಾಡ್ರಿ. ಪಾಲು ಮಾಡೋದು ದೊಡ್ಡಾಕಿ ಕೆಲಸ, ಹೌದಲ್ರಿ? ಕಾಗದಕ್ಕ ಇನ್ನಾ ಹೆಬ್ಬಟ್ಟು ಬಿದ್ದಿಲ್ಲ. ನಾ ಇನ್ನೊಮ್ಮಿ ಪಾಲು ಮಾಡ್ತೀನಿ."

"ಮಾಡವ್ವಾ. ಅದು ನಿನ್ನ ಹಕ್ಕು."

ಸೆರಗು ಸಿಕ್ಕಿಸಿ ಸಲಿಕೆ ಎಳೆದುಕೊಂಡಳು. ತನ್ನ ಹೊಲದ ಆ ತುದಿಯ ನಟ್ಟನಡುವಿನಿಂದ ಗೆರೆ ಕೊರೆಯುತ್ತ ಬಂದಳು. ಮೆತ್ತನೆಯ ಮಣ್ಣು ಸುಲಭಕ್ಕೆ ಸೀಳಿತು. ಹಳೆಯ ಬದುವನ್ನು ಅಡ್ಡಲಾಗಿ ದಾಟಿ ಮೈದುನನ ಹೊಲಕ್ಕಿಳಿದಾಗ ಸಲಿಕೆ ಖಣಖಣ ಎಂದಿತು. ಆದರೂ ಕೊನೆ ಮುಟ್ಟುವವರೆಗೆ ನಿಲ್ಲಿಸಲಿಲ್ಲ. ಈಗ ಯಾವ ಪಾಲು ಹಿಡಿದರೂ ಅರ್ಧ ಆಕೆಯ ಮಣ್ಣು, ಅರ್ಧ ಸುಟ್ಟ ಮಣ್ಣು.

"ನಿಮ್ಮ ಹೊಲ ನೀವೇ ಕಡದಂಗಾತಲ್ಲ ವೈನಿ," ಎಂದ ಸಿದ್ಧಲಿಂಗ. ನಗು ಇಂಗಿಹೋಗಿತ್ತು.

"ಆತು. ಆರಿಸ್ಕೋ."

ಅವನು ಗೆರೆಯ ಈ ಬದಿ ನೋಡಿದ, ಆ ಬದಿ ನೋಡಿದ. ಶರಣಬಸಮ್ಮ ತನ್ನ ಹೊಲಕ್ಕೆ ಮರಳಿ, ತಾನೇ ಸೀಳಿದ ಮಣ್ಣಿನ ಮೇಲೆ ಅಂಗೈ ಊರಿ ಕುಳಿತು, ಅವನ ಮಾತಿಗೆ ಕಾದಳು.