ಮೋಟಾರ್ ನನ್ನೇಸಾಬರ ಮಗಳು

ತಿಮ್ಮೇಶನಿಗೆ ಪತ್ರಕರ್ತನ ಗುರುತಿನ ಚೀಟಿ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಕೆಂಪು ಸ್ಪಂಜು ಹಾಕಿದ ಮೈಕು, ಮೊಬೈಲ್ ಸಿಕ್ಕಿಸುವ ಸ್ಟ್ಯಾಂಡು, ಹಿಂದೆ ಮುಂದೆ ‘ಪ್ರೆಸ್’ ಎಂದು ಬರೆಸಿದ ಬೈಕು, ಮತ್ತು ‘ನಾಲ್ಕು ತಾಲೂಕು ನ್ಯೂಸ್’ ಎಂಬ ಯೂಟ್ಯೂಬ್ ಚಾನೆಲ್ಲು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕಕ್ಕೂ ಅವನೊಬ್ಬನೇ ಸಂಪಾದಕ, ವರದಿಗಾರ, ಕ್ಯಾಮೆರಾಮನ್. ಆದರೆ ತಾಲೂಕು ಕಚೇರಿಯ ಸಭೆಗೆ ಹೋದರೆ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿಯುತ್ತಿದ್ದ. “ಕಾರ್ಡ್ ಐತೇನ್ರೀ?” ಬೆಂಗಳೂರಿನ ಒಂದು ಸುದ್ದಿವಾಹಿನಿಯ ಡೆಸ್ಕಿನಲ್ಲಿದ್ದ ರಘುನಾಥ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದ: “ಒಂದು ದೊಡ್ಡ ಸ್ಟೋರಿ ಕೊಡ್ರೀ, ಕಾರ್ಡ್ ನನ್ನ ಜವಾಬ್ದಾರಿ.”

ದೊಡ್ಡ ಸ್ಟೋರಿ ಎಲ್ಲಿಂದ ತರುವುದು? ಸೂಳೆಕೆರೆಯ ಏರಿಯ ಮೇಲೆ ಲಾರಿ ಕೆಟ್ಟು ನಿಂತರೆ ಅದೇ ಆ ದಿನದ ಮುಖ್ಯಸುದ್ದಿ. ಹಾಗೆಂದು ಅವನು ಸುದ್ದಿ ಹುಟ್ಟಿಸುವವನೂ ಅಲ್ಲ. ಕಂಡದ್ದನ್ನು ಹೇಳುತ್ತಿದ್ದ, ಹೇಳುವ ರೀತಿಯೂ ಗೊತ್ತಿತ್ತು. ಒಮ್ಮೆ ಜಗಳೂರು ಕಡೆ ಸಿಡಿಲು ಬಡಿದು ಕುರಿ ಸತ್ತಾಗ “ಮೈಲಾರಿ ಎಂಬುವವರ ಹನ್ನೊಂದು ಕುರಿಗಳು” ಎಂದಷ್ಟೇ ಹಾಕಿದ್ದ. ಸಂಜೆಯೊಳಗೆ ಫೋನು ಕಾದು ಬಿಸಿಯಾಯಿತು. “ಯಾವ ಮೈಲಾರಿನಪ್ಪ? ನಮ್ಮೂರಾಗೆ ಆರು ಜನ ಮೈಲಾರಿ ಅದಾರೆ. ಯಾರ ಮಗ ಅಂತ ಹೇಳಾಕೆ ಬಾಯಿಲ್ವ?” ಅಂದಿನಿಂದ ಅವನು ಯಾರ ಮಗ, ಯಾರ ಮಗಳು ಎನ್ನುವುದನ್ನು ಬಿಟ್ಟು ಸುದ್ದಿ ಓದಿದವನಲ್ಲ. ಯಾರ ಮಗನೆಂದು ಹೇಳದ ಸುದ್ದಿಯನ್ನು ಆ ಕಡೆ ಯಾರೂ ನಂಬುವುದಿಲ್ಲ. ಹೆಣ್ಣುಮಕ್ಕಳ ವಿಷಯವಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಹೆಸರು ಎತ್ತುವುದೇ ಇಲ್ಲ, ಇಂಥವರ ಮಗಳು ಎನ್ನುತ್ತಾರೆ. ಅದು ಮರ್ಯಾದೆ.

ಆ ವರ್ಷ ಮಾರ್ಚಿನಲ್ಲಿ ರಷ್ಯಾದಲ್ಲಿ ವಿರೋಧ ಪಕ್ಷದ ಹೆಂಗಸೊಬ್ಬಳು ರೈಲಿನಲ್ಲಿ ಕುಸಿದು ಬಿದ್ದಳು. ಅಲ್ಲಿನ ಅಧಿಕಾರಸ್ಥರ ವಿರುದ್ಧ ಚುನಾವಣೆಗೆ ನಿಂತಿದ್ದವಳು. ಹಿಂದಿನ ತಿಂಗಳಷ್ಟೇ ಯಾರೋ ಅವಳ ಕಾರಿಗೆ ಬೆಂಕಿ ಹಚ್ಚಿದ್ದರು. ಅವಳನ್ನು ಹತ್ತಿರದ ಊರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು ಎನ್ನುವುದಷ್ಟೇ ಖಚಿತವಾಗಿ ಗೊತ್ತಿದ್ದದ್ದು. ಕನ್ನಡದ ವಾಹಿನಿಗಳಿಗೆ ಅಷ್ಟು ಸಾಕಾಯಿತು. ಒಂದರಲ್ಲಿ ಹೊಗೆಯಾಡುವ ಟೀ ಲೋಟ, ಅದರ ಮೇಲೆ ತಲೆಬುರುಡೆ. ಇನ್ನೊಂದರಲ್ಲಿ ಕೈಗವಸು, ಸೂಜಿ, ತುದಿಯಲ್ಲಿ ವಿಷವಿಟ್ಟ ಕೊಡೆ. ನಿವೃತ್ತ ಸೈನ್ಯಾಧಿಕಾರಿಯೊಬ್ಬರು ಇದು ಇಂಥದೇ ವಿಷ ಎಂದರು. ಜ್ಯೋತಿಷಿಯೊಬ್ಬರು ರಷ್ಯಾಕ್ಕೆ ಅಷ್ಟಮ ಶನಿ ಎಂದರು. ಆ ಹೆಂಗಸಿನ ಹೆಸರನ್ನು ಒಬ್ಬೊಬ್ಬ ನಿರೂಪಕ ಒಂದೊಂದು ಥರ ಹೇಳಿದ.

ಆಸ್ಪತ್ರೆಯ ಊರಿನ ಹೆಸರು ಪರದೆಯ ಕೆಳಗೆ ಓಡಿದಾಗ ತಿಮ್ಮೇಶ ಹೊನ್ನಾಳಿಯ ಹೋಟೆಲ್ಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದ. ಊರಿನ ಹೆಸರು ಅವನಿಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಅವನೇ ಹೇಳಿದ್ದ ಹೆಸರು. “ನ್ಯಾಮತಿಯ ಮೋಟಾರ್ ನನ್ನೇಸಾಬರ ಮಗಳು ಡಾಕ್ಟರ್ ಓದಲು ರಷ್ಯಾಕ್ಕೆ” ಎಂಬುದು ಅವನ ಚಾನೆಲ್ಲಿನ ಮೊದಲ ವರ್ಷದ ಸುದ್ದಿ. ಕೈಯಲ್ಲಿದ್ದ ಮಂಡಕ್ಕಿ ಬಿಟ್ಟು ಬೈಕು ಹತ್ತಿದ.

ನನ್ನೇಸಾಬರ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಬೇಸಿಗೆ ಬಂತೆಂದರೆ ಮೋಟಾರುಗಳು ಸಾಲುಗಟ್ಟಿ ಕೂತಿರುತ್ತವೆ. ಅವರು ಮೊಣಕಾಲ ನಡುವೆ ಒಂದು ಮೋಟಾರು ಹಿಡಿದುಕೊಂಡು, ತಲೆ ಎತ್ತದೆ ಹೇಳಿದರು:

“ಬಾರಪ್ಪ ಪ್ರೆಸ್ಸು. ಕರೆಂಟ್ ಹೋದ ಸುದ್ದಿನೋ, ಬಂದ ಸುದ್ದಿನೋ?”

“ನಿಮ್ಮ ಮಗಳ ಸುದ್ದಿ ಸಾಬ್ರೆ. ಟಿವಿನಾಗೆ ತೋರಿಸ್ತಿರೋ ಆಸ್ಪತ್ರೆ ಅವಳದೇ ಅಲ್ವ?”

ನನ್ನೇಸಾಬರು ಆಗ ತಲೆ ಎತ್ತಿದರು. “ಅವಳದೇ. ಬೆಳಗ್ಗೆ ಅವರಮ್ಮನ ಹತ್ರ ಮಾತಾಡಿದ್ಲು. ಭಯ ಆಗೈತೆ ಮಗೀಗೆ.”

“ಒಂದು ಫೋನ್ ಹಚ್ಚಿ. ಧೈರ್ಯ ಹೇಳೋಣ.”

ಅವನು ಧೈರ್ಯ ಹೇಳಲು ಬಂದಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಹಚ್ಚಿದರು. ಊರವರು ಮಗಳ ಮಾತು ಕೇಳಲಿ ಎಂಬ ಆಸೆ ಅವರಿಗೂ ಇತ್ತು. ಶಾಹೀನ್ ಪರದೆಯ ಮೇಲೆ ಬಂದಳು. ಹಿಂದೆ ಹಾಸ್ಟೆಲ್ಲಿನ ಕಬ್ಬಿಣದ ಮಂಚ, ಕಿಟಕಿಯಲ್ಲಿ ಬಿಳಿ ಬೆಳಕು.

“ಹೆಂಗಿದ್ದೀಯಮ್ಮ?”

“ಇದೀನಿ ತಿಮ್ಮೇಶಣ್ಣ. ಇನ್ನು ಹತ್ತು ತಿಂಗಳು ಐತೆ, ಮುಗಿಸಿ ಬಂದ್ಬಿಡ್ತೀನಿ. ನಮ್ಮಪ್ಪನಿಗೆ ಹೇಳ್ರಿ, ಸುಮ್ನೆ ಟಿವಿ ನೋಡಿ ಹೆದರ್ಕೋಬ್ಯಾಡ ಅಂತ.”

“ಅಲ್ಲಿ ಏನು ನಡೀತೈತೆ?”

ಅವಳು ಎದ್ದು ಕೋಣೆಯ ಬಾಗಿಲು ಹಾಕಿ ಬಂದಳು. ಆಮೇಲೆ ಹೇಳಿದಳು. ಎರಡು ದಿನದಿಂದ ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಇಟ್ಟುಕೊಂಡಿದ್ದದ್ದು. ವಿದ್ಯಾರ್ಥಿಗಳನ್ನು ಆ ವಾರ್ಡಿಗೆ ಬಿಡುತ್ತಿಲ್ಲ. ಬಾಗಿಲಲ್ಲಿ ಸಮವಸ್ತ್ರವಿಲ್ಲದ ಪೊಲೀಸರು. ರೋಗಿಯ ರಕ್ತ ಎರಡು ಸಲ ತೆಗೆದರಂತೆ, ಎರಡನೆಯದು ಲ್ಯಾಬಿಗೆ ಹೋಗಲೇ ಇಲ್ಲವಂತೆ. “ನಮ್ಮ ವಾರ್ಡಿನ ರಾತ್ರಿ ಪಾಳಿ ಸಿಸ್ಟರ್ ಹೇಳಿದ್ರು ಅಣ್ಣ. ಹೇಳಿ ಅತ್ರು.”

“ವಿಷ ಹಾಕಿದ್ರಂತಾ?”

“ನಂಗೆ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಕೋದಾದ್ರೆ ಹಂಗೇ ಹಾಕ್ರಿ, ಗೊತ್ತಿಲ್ಲ ಅಂತ.”

“ರೆಕಾರ್ಡ್ ಆಗ್ತೈತೆ, ಹಾಕ್ಲಾ ಹಂಗಾರೆ?”

“ನಿಮ್ಮ ಚಾನೆಲ್ಲು ನೋಡೋರು ನ್ಯಾಮತಿಯೋರು ತಾನೆ? ಹಾಕ್ರಿ. ನನ್ನ ಹೆಸರು ಮಾತ್ರ ಬ್ಯಾಡ. ಕಾಲೇಜಿನಾಗೆ ಸೈನ್ ಹಾಕಿಸ್ಕೊಂಡಾರೆ, ಹೊರಗೆ ಮಾತಾಡಿದ್ರೆ ತೆಗೀತಾರೆ. ಇಲ್ಲಿಂದ ತೆಗೆದ್ರೆ ಬ್ಯಾರೆ ಕಾಲೇಜಿಗೆ ಸೇರಾಕೆ ಆಗಲ್ಲಣ್ಣ, ಎಲ್ಲಾ ಒಂದೇ ಕಡೆ ಓದಿರಬೇಕು ಅಂತ ನಮ್ಮ ದೇಶದ್ದೇ ರೂಲ್ಸು.”

“ನಮ್ಮವ್ವನ ಆಣೆ. ಹೆಸರು ಹಾಕಲ್ಲ.”

ಅವನು ಆಣೆಗೆ ತಪ್ಪಲಿಲ್ಲ. ವಿಡಿಯೋದಲ್ಲಿ ಅವಳ ಮುಖ ಮರೆಮಾಡಿದ. ದನಿಯನ್ನು ಗಡಸು ಮಾಡಿದ, ಗಂಡಸು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. “ಗೊತ್ತಿಲ್ಲ” ಎಂದದ್ದನ್ನೂ ಉಳಿಸಿಕೊಂಡ. ಕೊನೆಗೆ ಮೈಕ್ ಹಿಡಿದು, ಎಂದಿನಂತೆ ಎದೆ ಸೆಟೆಸಿ ಪೀಠಿಕೆ ಹೇಳಿದ: “ಸುರಕ್ಷತೆಯ ದೃಷ್ಟಿಯಿಂದ ಹೆಸರು ಹೇಳುತ್ತಿಲ್ಲ. ಈ ವಿದ್ಯಾರ್ಥಿನಿ ನ್ಯಾಮತಿಯ ಮೋಟಾರ್ ವೈಂಡಿಂಗ್ ನನ್ನೇಸಾಬರ ಹಿರಿಯ ಮಗಳು.”

ಹೇಳಿದ ಮೇಲೆ ಒಂದು ಸಲ ಕೇಳಿಸಿಕೊಂಡ. ಯಾವ ತಪ್ಪೂ ಕಾಣಲಿಲ್ಲ. ಅಪ್ಪನ ಹೆಸರು ಹೇಳದಿದ್ದರೆ ಯಾರೋ ಹುಡುಗಿಯ ಕೈಲಿ ಹೇಳಿಸಿದ್ದಾನೆ ಎಂದು ಜನ ನಗುತ್ತಿದ್ದರು. ಅಪ್ಪನ ಹೆಸರು ಹೇಳಿದರೆ ಮಗಳ ಹೆಸರು ಹೇಳಿದಂತೆ ಎಂದು ಅವನಿಗೆ ಹೊಳೆಯಲೇ ಇಲ್ಲ. ನನ್ನೇಸಾಬರಿಗೂ ಹೊಳೆಯಲಿಲ್ಲ. ಅವರು ಆ ವಿಡಿಯೋವನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದರು. ತಾಯಿ ಅಖ್ತರ್‌ಬೀ ಕೇಳಿದ್ದು ಒಂದೇ ಮಾತು: “ಹೆಸರು ಹೇಳಿಲ್ಲ ತಾನೆ?” ಹೇಳಿಲ್ಲ ಎಂದಾಗ ಅವರೂ ತಲೆದೂಗಿದರು.

ಮಧ್ಯಾಹ್ನದೊಳಗೆ ವಿಡಿಯೋದ ಕೆಳಗೆ ಊರವರೇ ಬರೆದರು. ನಮ್ಮ ಶಾಹೀನ್ ಅಕ್ಕನಿಗೆ ಅಭಿನಂದನೆ. ನಮ್ಮ ಜೊತೆ ಹೈಸ್ಕೂಲಿನಲ್ಲಿ ಓದಿದವಳು. ದೇವರು ಒಳ್ಳೆಯದು ಮಾಡಲಿ ಶಾಹೀನ್.

ಸಂಜೆ ರಘುನಾಥನ ಫೋನು ಬಂತು.

“ಏನ್ರೀ ತಿಮ್ಮೇಶ್, ಬಾಂಬ್ ಇಟ್ಕೊಂಡು ಕೂತಿದ್ದೀರಲ್ಲ. ಫುಟೇಜ್ ಕಳಿಸಿ.”

“ಹೆಸರು ಹಾಕ್ಬ್ಯಾಡ್ರಿ ಸಾರ್.”

“ನೀವೇ ಹಾಕಿಲ್ಲ, ನಾವ್ಯಾಕೆ ಹಾಕ್ತೀವಿ?”

ಅವರೂ ಹಾಕಲಿಲ್ಲ. ಪೀಠಿಕೆಯನ್ನು ಹಾಗೇ ಬಳಸಿಕೊಂಡರು. “ಗೊತ್ತಿಲ್ಲ” ಎಂದು ಅವಳು ಎರಡು ಸಲ ಹೇಳಿದ್ದನ್ನು ಮಾತ್ರ ಕತ್ತರಿಸಿದರು. ಬದಲಿಗೆ ಪರದೆಯ ತುಂಬ ಕೆಂಪಕ್ಷರ: ವಿಷ ಖಚಿತ, ಕನ್ನಡತಿ ಕಂಡ ಸತ್ಯ, ನರ್ಸ್ ಕಣ್ಣೀರು. ಅಳುವ ನರ್ಸಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಸಿದ್ದರು. ಮಾರನೇ ದಿನ ಇಂಗ್ಲಿಷಿನ ಎರಡು ಜಾಲತಾಣಗಳು ಅದನ್ನೇ ಬರೆದವು. ಅದರ ಮಾರನೇ ದಿನ ರಷ್ಯನ್ ಲಿಪಿಯ ಒಂದು ಪುಟವನ್ನು ಯಾರೋ ತಿಮ್ಮೇಶನಿಗೆ ಕಳಿಸಿದರು. ಅದರಲ್ಲಿ ಅವನಿಗೆ ಓದಲು ಬಂದದ್ದು ತನ್ನದೇ ಮುಖ, ಕೆಂಪು ಮೈಕು. ಅದನ್ನು ಚಾನೆಲ್ಲಿನ ಗ್ರೂಪಿನಲ್ಲಿ ಹಂಚಿಕೊಂಡ.

ನಾಲ್ಕನೆಯ ದಿನ ಅಖ್ತರ್‌ಬೀ ಮತ್ತು ಮಗ ಅಲ್ತಾಫ್ ಹೊನ್ನಾಳಿಯ ಅವನ ರೂಮಿಗೆ ಬಂದರು. ಅಲ್ತಾಫ್ ಶಿವಮೊಗ್ಗದಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಸುದ್ದಿ ಕೇಳಿ ರಜೆ ಹಾಕಿ ಬಂದಿದ್ದ. ಅಖ್ತರ್‌ಬೀ ಕೂರಲಿಲ್ಲ.

“ಶಾಹೀನನ್ನ ಕಾಲೇಜಿನಾಗೆ ಕರೆಸ್ಯಾರಪ್ಪ. ಪಾಸ್‌ಪೋರ್ಟ್ ಇಸ್ಕೊಂಡಾರೆ. ನೀನು ಹೆಸರು ಹಾಕಲ್ಲ ಅಂದಿದ್ದೆ.”

“ಹಾಕಿಲ್ಲಮ್ಮ. ಬೇಕಾದ್ರೆ ನೋಡ್ರಿ.”

“ನೋಡೀನಿ. ಹಾಕಿಲ್ಲ. ಮತ್ತೆ ಅವರಿಗೆ ಹೆಂಗೆ ಗೊತ್ತಾತು?”

ಅಲ್ತಾಫ್ ಜೇಬಿನಿಂದ ಫೋನು ತೆಗೆದ. ಅಕ್ಕನ ಪಾಸ್‌ಪೋರ್ಟಿನ ಕೊನೆಯ ಪುಟದ ಫೋಟೋ ತೋರಿಸಿದ. ತಂದೆಯ ಹೆಸರು ನನ್ನೇಸಾಬ. ವಿಳಾಸ ನ್ಯಾಮತಿ.

“ಆ ಕಾಲೇಜಿನಾಗೆ ನ್ಯಾಮತಿಯೋರು ಎಷ್ಟು ಜನ ಅದಾರೆ ತಿಮ್ಮೇಶಣ್ಣ?” ಎಂದು ಕೇಳಿದ. “ನನ್ನೇಸಾಬ ಅನ್ನೋ ಅಪ್ಪಂದಿರು ಎಷ್ಟು ಜನ ಅದಾರೆ? ನೀವು ಹೇಳ್ರಿ, ಲೆಕ್ಕ ಹಾಕಾಣ.”

ತಿಮ್ಮೇಶ ಪುಟ ನೋಡಿದ. “ನಾವು ಹಂಗೇ ಅಲ್ವೇನಪ್ಪ ಹೇಳೋದು,” ಎಂದ.

“ಹೌದು. ಹಂಗೇ ಹೇಳೋದು,” ಎಂದರು ಅಖ್ತರ್‌ಬೀ. ಅವರು ಅವನನ್ನು ಬೈಯಲು ಬಂದಿದ್ದರು. “ಮೊದ್ಲು ಅದನ್ನ ತೆಗೆದ್ಹಾಕಪ್ಪ,” ಎಂದಷ್ಟೇ ಹೇಳಿದರು.

ಅವನು ಚಾನೆಲ್ಲಿನಿಂದ ವಿಡಿಯೋ ತೆಗೆದುಹಾಕಿದ. ಅಷ್ಟರಲ್ಲಿ ಅದರ ನಕಲುಗಳು ಬೇರೆ ಹದಿನಾಲ್ಕು ಚಾನೆಲ್ಲುಗಳಲ್ಲಿದ್ದವು. ರಘುನಾಥನಿಗೆ ಫೋನು ಮಾಡಿ, ಹುಡುಗಿಯ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾರೆ, ಅವಳು ಗೊತ್ತಿಲ್ಲ ಎಂದಿದ್ದಳು, ಆ ಭಾಗ ಹಾಕಿ ತಿದ್ದುಪಡಿ ಕೊಡಿ, ಮನೆಯವರು ಅದನ್ನೇ ಕಾಲೇಜಿಗೆ ತೋರಿಸುತ್ತಾರೆ ಎಂದು ಬೇಡಿಕೊಂಡ.

“ತಿದ್ದುಪಡಿ ಯಾರ್ರೀ ನೋಡ್ತಾರೆ? ಪಾಸ್‌ಪೋರ್ಟ್ ಕಿತ್ಕೊಂಡ್ರು ಅಂದ್ರಲ್ಲ, ಅದು ಸ್ಟೋರಿ. ಅವರಮ್ಮನ್ನ ಹಿಡೀರಿ, ಎರಡು ನಿಮಿಷ ಅಳ್ಲಿ. ಈ ಸಲ ನಿಮ್ಮ ಕಾರ್ಡ್ ಗ್ಯಾರಂಟಿ.”

ಅಖ್ತರ್‌ಬೀ ಎದುರಿಗೇ ನಿಂತಿದ್ದರು. ಕೋಣೆ ಚಿಕ್ಕದು, ಫೋನಿನ ದನಿ ದೊಡ್ಡದು. ತಿಮ್ಮೇಶ ಫೋನಿಟ್ಟ.

“ನಾನು ಅತ್ರೆ ಅವಳನ್ನ ಬಿಡ್ತಾರಾ?” ಎಂದು ಅವರು ಕೇಳಿದರು.

“ಇಲ್ಲಮ್ಮ.”

“ಹಂಗಾರೆ ಬ್ಯಾಡ ಬಿಡು.”

ಆಮೇಲಿನದೆಲ್ಲ ಕಚೇರಿಗಳ ಕೆಲಸ. ಸಂಸದರ ಕಚೇರಿಯಿಂದ ಒಂದು ಪತ್ರ ಹೋಯಿತು. ದೂತಾವಾಸದವರು ಪರಿಶೀಲಿಸುತ್ತೇವೆ ಎಂದು ಬರೆದರು. ಕಾಲೇಜು ಅಷ್ಟೆಲ್ಲ ಕಾಯಲಿಲ್ಲ. ಆಸ್ಪತ್ರೆಯ ಗೋಪ್ಯತೆ ಮುರಿದದ್ದಕ್ಕಾಗಿ ದಾಖಲಾತಿ ರದ್ದು ಎಂದು ಒಂದೂವರೆ ಸಾಲಿನ ಆದೇಶ. ವೀಸಾ ತಾನಾಗಿ ಬಿದ್ದುಹೋಯಿತು. ಅದೇ ವಾರ ರೈಲಿನಲ್ಲಿ ಬಿದ್ದಿದ್ದ ಆ ಹೆಂಗಸು ಆಸ್ಪತ್ರೆಯಲ್ಲಿ ಸತ್ತಳು. ಹೃದಯಾಘಾತ ಎಂದು ಅಲ್ಲಿನ ಸರ್ಕಾರ ಹೇಳಿತು. ಆ ಹೊತ್ತಿಗೆ ಕನ್ನಡದ ವಾಹಿನಿಗಳು ಒಬ್ಬ ನಟನ ವಿಚ್ಛೇದನ ಹಿಡಿದಿದ್ದವು. ಅವಳ ಸಾವು ಪರದೆಯ ಕೆಳಗೆ ಎರಡು ಸಲ ಓಡಿತು.

ಶಾಹೀನ್ ಏಪ್ರಿಲ್ ಹತ್ತೊಂಬತ್ತಕ್ಕೆ ನ್ಯಾಮತಿಗೆ ಬಂದಳು. ತಿಮ್ಮೇಶ ಎರಡು ದಿನ ಬಿಟ್ಟು ಹೋದ, ಮೈಕಿಲ್ಲದೆ. ಅವಳು ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಸುಟ್ಟ ಮೋಟಾರಿನ ಹಳೆ ತಂತಿ ಕೀಳುತ್ತಿದ್ದಳು. ನನ್ನೇಸಾಬರು ಅವನನ್ನು ಕಂಡು ಒಳಕ್ಕೆ ಎದ್ದು ಹೋದರು.

“ಕೂತ್ಕೊಳ್ರಿ ಅಣ್ಣ,” ಎಂದಳು ಅವಳು.

“ನಿನ್ನ ಹೆಸರು ನಾನು...”

“ಗೊತ್ತೈತೆ. ಹಾಕಿಲ್ಲ. ಅಲ್ಲಿ ನನ್ನ ಮುಂದೆ ವಿಡಿಯೋ ಹಾಕಿ ನಿಲ್ಲಿಸಿ, ‘ನನ್ನೇಸಾಬ್ ಯಾರು’ ಅಂತ ಕೇಳಿದ್ರು. ನಮ್ಮಪ್ಪ ಅಂದೆ. ಅಪ್ಪ ಅಲ್ಲ ಅನ್ನಾಕೆ ಆಗುತ್ತಾ?”

“ಆಮೇಲೆ?”

“ಆಮೇಲೆ ಅವರಿಗೆ ನಾನು ಬೇಕಾಗಿರ್ಲಿಲ್ಲ. ಸಿಸ್ಟರ್ ಯಾರು ಅಂತ ಕೇಳಿದ್ರು. ನಾನು ಹೇಳ್ಲಿಲ್ಲ. ನಮ್ಮ ವಾರ್ಡಿನಾಗೆ ರಾತ್ರಿ ಪಾಳಿಗೆ ಇರೋದೇ ಇಬ್ಬರು. ಒಬ್ಬರು ಆವತ್ತು ರಜ ಇದ್ರು.”

ಅವಳು ಇಕ್ಕಳದಿಂದ ಒಂದು ಸುರುಳಿ ಎಳೆದಳು. ಅದು ಬಿಟ್ಟು ಬರಲಿಲ್ಲ. ಇನ್ನೊಮ್ಮೆ ಎಳೆದಳು.

“ಅವರು ಈಗ ಎಲ್ಲಿದ್ದಾರೆ?” ಎಂದು ತಿಮ್ಮೇಶ ಕೇಳಿದ.

“ಗೊತ್ತಿಲ್ಲ. ಡ್ಯೂಟಿ ಪಟ್ಟಿನಾಗೆ ಹೆಸರಿಲ್ಲ, ಮನೆ ಬೀಗ ಹಾಕೈತೆ. ಇದು ನಿಜವಾಗ್ಲೂ ಗೊತ್ತಿಲ್ಲ ಅಣ್ಣ. ಇದನ್ನ ಎಲ್ಲೂ ಹಾಕ್ಬ್ಯಾಡ್ರಿ.”

ಅವನು ಹಾಕಲಿಲ್ಲ. ಹಾಕದಿದ್ದರಿಂದ ಯಾರಿಗೂ ಏನೂ ವಾಪಸ್ಸು ಬರಲಿಲ್ಲ.

ಶಾಹೀನಳ ಐದು ವರ್ಷ ಎರಡು ತಿಂಗಳು ಹೋಯಿತು. ಅವಳು ಪಾಸು ಮಾಡಿದ್ದ ಮೂವತ್ತೊಂದು ಪರೀಕ್ಷೆ ಹೋದವು. ನ್ಯಾಮತಿಗೆ ಬರಬೇಕಿದ್ದ ಒಬ್ಬ ಡಾಕ್ಟರು ಹೋದಳು, ಹೆಸರು ಗೊತ್ತಿಲ್ಲದ ಒಬ್ಬ ನರ್ಸು ಹೋದಳು. ರೈಲಿನಲ್ಲಿ ಬಿದ್ದವಳನ್ನೂ ಸೇರಿಸಿದರೆ, ಒಟ್ಟು ಮೂರು ಹೆಂಗಸರು.