ವಿಜೇತಾಳ ನಾಲ್ಕು ತಂತಿ

ಬ್ಯಾಂಡಿನ ಮೊದಲ ಹಾಡಿನಿಂದ ವಿಜೇತಾ ನುಡಿಸಿದ, ತಗ್ಗು ಸ್ವರದ ನಾಲ್ಕು ತಂತಿಯ ಬೇಸ್ ಗಿಟಾರನ್ನು ಪೂರ್ತಿಯಾಗಿ ತೆಗೆದುಹಾಕಿದರು. ವಿಡಿಯೋದಲ್ಲಿ ಅವಳು ನುಡಿಸುವುದನ್ನು ಹಾಗೆಯೇ ಉಳಿಸಿಕೊಂಡರು.

ಆ ಹಾಡು ಹೊರಬಂದ ದಿನ, ಗುರುವಾಯನಕೆರೆಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ಸೇಸಮ್ಮ ತೊಡೆಯ ಮೇಲಿನ ತಡ್ಪೆಯನ್ನು, ಎಲೆ-ಪುಡಿಯ ಆ ಮೊರವನ್ನು, ಬದಿಗಿಟ್ಟು, ಹೊಗೆಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿ, ಹಾಡುತ್ತಿದ್ದ ಮಗಳ ಫೋನನ್ನು ಕಿವಿಗೆ ಒತ್ತಿಕೊಂಡಳು. ಮೂರು ಸಲ ಕೇಳಿದಳು.

"ಇದರಲ್ಲಿ ನಿಂದು ಯಾವುದು ಮಗಾ?"

ಗರಗಸದಂತೆ ಕೊಯ್ಯುವ ಒಂದು ಸದ್ದು ಬಂದಾಗ ವಿಜೇತಾ ಬೆರಳೆತ್ತಿ, "ಇದು" ಅಂದುಬಿಟ್ಟಳು. ಅದು ರಂಜಿತನ ಗಿಟಾರು. ಮರುದಿನ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಸೇಸಮ್ಮ ಸಾಲಿನಲ್ಲಿ ನಿಂತಿದ್ದ ಹನ್ನೊಂದು ಹೆಂಗಸರಿಗೆ ಆ ಗರಗಸವನ್ನು ಕೇಳಿಸಿ, "ನನ್ನ ಮಗಳದ್ದು" ಎಂದು ಹೇಳಿ ಬಂದಳು. ಆ ಸುಳ್ಳು ಎರಡು ವರ್ಷ ವಿಜೇತಾಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ರಂಜಿತ್ ಬ್ಯಾಂಡಿನ ಯಜಮಾನ. ಬಂಟ್ವಾಳದವನು, ಅಪ್ಪನಿಗೆ ಫರಂಗಿಪೇಟೆಯಲ್ಲಿ ಹೋಟೆಲು. ಅಭ್ಯಾಸ ಮಾಡುವ ಕೋಣೆಯೂ ಅವರದೇ, ಸ್ಪೀಕರುಗಳೂ ಅವರವೇ. ಬೇಸ್ ತೆಗೆದದ್ದಕ್ಕೆ ಅವನು ಕೊಟ್ಟ ಕಾರಣ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಅವರದು ಓಟದ ಮೆಟಲ್ ಸಂಗೀತ. ಡ್ರಮ್ ಬಾರಿಸುವ ಜಿತೇಶ್ ಎರಡೂ ಕಾಲಿನಿಂದ ಕಿಕ್ ಡ್ರಮ್ ತುಳಿಯತೊಡಗಿದರೆ ಸೆಕೆಂಡಿಗೆ ಹದಿನಾಲ್ಕು ಪೆಟ್ಟು. ಒಂದು ಪೆಟ್ಟಿನ ಗುಂಯ್ ಮುಗಿಯುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ. ಅದೇ ತಗ್ಗು ಸ್ವರದಲ್ಲಿ ಬೇಸಿನ ತಂತಿಯೂ ನಡುಗುತ್ತದೆ, ಗಿಟಾರಿನ ತಳವೂ ಇಳಿಯುತ್ತದೆ. ಮೂರೂ ಸೇರಿದರೆ ಕೆಸರು. "ಕೆಸರಾಯ್ತು, ಅದಕ್ಕೆ ತೆಗೆದೆವು" ಅಂದ ರಂಜಿತ್. ಮೂವರಲ್ಲಿ ಯಾರನ್ನು ತೆಗೆಯುವುದು ಎಂಬ ಪ್ರಶ್ನೆ ಅಲ್ಲಿ ಹುಟ್ಟಲೇ ಇಲ್ಲ. ಜಾಗ ಸಾಲದೆ ಹೋದಾಗ ಎದ್ದು ನಿಲ್ಲಬೇಕಾದವರು ಯಾರೆಂಬುದು ಎಲ್ಲ ಮನೆಯಲ್ಲೂ ಮೊದಲೇ ತೀರ್ಮಾನವಾಗಿರುತ್ತದಲ್ಲ!

ಅವಳು ಜಗಳಾಡಲಿಲ್ಲ, ಕಲಿತಳು. ಮೂಡುಬಿದಿರೆಯ ಫೋಟೋ ಸ್ಟುಡಿಯೋ ಒಂದರಲ್ಲಿ ಹಗಲು ಮದುವೆ ವಿಡಿಯೋ ಜೋಡಿಸುತ್ತಾ, ಬಿಡುವಾದಾಗ ಅದೇ ಕಂಪ್ಯೂಟರಿನಲ್ಲಿ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಅಭ್ಯಾಸ ಮಾಡಿದಳು. ಮೊದಲ ಹಾಡನ್ನು ಮಿಕ್ಸ್ ಮಾಡಿದವ ದುಬೈಗೆ ಹಾರಿದ ಮೇಲೆ ಎರಡನೆಯ ಹಾಡು ಅವಳ ಕೈಗೆ ಬಂತು. ಇದರಲ್ಲಾದರೂ ತನ್ನ ನಾಲ್ಕು ತಂತಿ ಅಮ್ಮನಿಗೆ ಕೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೆ.

ಬೇಕೆಂಬ ಆ ಹಟವೇ ಮೊದಲು ಕೈಕೊಟ್ಟಿತು. ಬೇಸನ್ನು ಏರಿಸಿದಳು, ಸಾಲದೆಂದು ಮತ್ತೂ ಏರಿಸಿದಳು. ಪೆನ್‌ಡ್ರೈವಿಗೆ ಹಾಕಿ, ಮೂಡುಬಿದಿರೆ–ಬೆಳ್ತಂಗಡಿ ಬಸ್ಸಿನ ಡ್ರೈವರ್ ಇಬ್ರಾಹಿಂ ಹತ್ತಿರ ಓಡಿದಳು. ಇಂಜಿನ್ ಗುರುಗುಟ್ಟುವ ಬಸ್ಸಿನಲ್ಲಿ ಸರಿಯಾಗಿ ಕೇಳಿದ ಹಾಡು ಎಲ್ಲೂ ಸೋಲದು ಎಂಬುದು ಅವಳ ಲೆಕ್ಕ. ಸ್ಟ್ಯಾಂಡು ಬಿಡುವ ಮೊದಲು ಇಬ್ರಾಹಿಂ ಹಾಡು ಹಚ್ಚಿದ. ಕಿಟಕಿಯ ಗಾಜೆಲ್ಲ ಗಡಗಡ.

"ಎಂತ ಮಾರಾಯ್ತಿ ಇದು! ನನ್ನ ಗೇರ್‌ಬಾಕ್ಸ್ ಹೋಯಿತೋ ಅಂತ ಎದೆ ಧಸಕ್ಕೆಂದಿತು."

ಮನೆಗೆ ಬಂದು ಅಮ್ಮನಿಗೆ ಕೇಳಿಸಿದಳು. ಸೇಸಮ್ಮ ತಲೆ ಅಲ್ಲಾಡಿಸಿದಳು. "ಇದರಲ್ಲಿ ನೀನೂ ಇಲ್ಲ, ಯಾರೂ ಇಲ್ಲ. ಮಿಲ್ಲಿನ ಬಾಗಿಲಲ್ಲಿ ನಿಂತ ಹಾಗೆ ಉಂಟು."

ವಿಜೇತಾ ಅಲ್ಲೇ ಗೋಡೆಗೆ ಒರಗಿ ಕುಳಿತಳು. ಸೇಸಮ್ಮನ ಬೆರಳುಗಳು ಅವುಗಳ ಪಾಡಿಗೆ ಓಡುತ್ತಿದ್ದವು: ಎಲೆ, ಪುಡಿ, ಸುರುಳಿ, ನೂಲು. ಮಧ್ಯೆ ಒಂದು ಬೀಡಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಥೂ ಎಂದು ಬಿಚ್ಚಿಹಾಕಿದಳು.

"ಎಂತಾಯ್ತಮ್ಮ?"

"ಬಾಯಿ ಕಡೆ ಗಟ್ಟಿಯಾಯ್ತು. ಸಪೂರ ಜಾಗಕ್ಕೆ ತುರುಕಿದರೆ ಹೊಗೆ ಎಳೀಲಿಕ್ಕೆ ಬರುದಿಲ್ಲ. ಬ್ರಾಂಚಿನವ ಬಿಸಾಡ್ತಾನೆ. ಅಗಲ ಇರುವಲ್ಲಿ ತುಂಬು, ಸಪೂರ ಇರುವಲ್ಲಿ ಬಿಡು. ಮೂವತ್ತು ವರ್ಷ ಆಯ್ತು, ಈಗಲೂ ಒಂದೊಂದು ಸಲ ಕೈ ಮರೀತದೆ."

ವಿಜೇತಾ ನೆಟ್ಟಗೆ ಕುಳಿತಳು. ಹಾಡಿಗೂ ಸಪೂರ ಜಾಗ ಉಂಟು: ಜಿತೇಶ್ ಎರಡು ಕಾಲಲ್ಲಿ ಓಡುವ ಜಾಗ. ಪೆಟ್ಟಿಗೂ ಪೆಟ್ಟಿಗೂ ನಡುವೆ ಉಸಿರಿಗೂ ಎಡೆಯಿಲ್ಲದ ಆ ಕಡೆಗೇ ತಾನು ತುರುಕುತ್ತಿದ್ದೆ!

ಮರುದಿನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಕತ್ತರಿ ಹಿಡಿದು ಕುಳಿತಳು. ಓಟದ ಭಾಗದಲ್ಲಿ ಕಿಕ್ ಡ್ರಮ್ಮಿನ ತಗ್ಗನ್ನೆಲ್ಲ ಕೊಯ್ದು, ಚರ್ಮಕ್ಕೆ ಬಡಿಯುವ ಟಕ್ ಸದ್ದನ್ನಷ್ಟೇ ಬಿಟ್ಟಳು. ಗುಂಯ್ ಅನ್ನುವ ಬಾಲವನ್ನು ಗಿಡ್ಡ ಮಾಡಿದಳು. ಗಿಟಾರಿನ ತಳವನ್ನೂ ಕೊಯ್ದಳು. ತನ್ನನ್ನೂ ಬಿಡಲಿಲ್ಲ: ಏರಿಸಿದ ಬೇಸನ್ನು ಅರ್ಧಕ್ಕೆ ತಂದು, ಒಂದೇ ಮಟ್ಟದಲ್ಲಿ ನಡೆಯುವ ಹಾಗೆ ಹದ ಮಾಡಿದಳು. ಹಾಡು ನಿಧಾನವಾಗುವಲ್ಲಿ, ಅಂದರೆ ಜಾಗ ಅಗಲವಾಗುವಲ್ಲಿ, ಕಿಕ್ಕಿಗೆ ಅದರ ಗುಡುಗನ್ನು ಪೂರ್ತಿ ವಾಪಸು ಕೊಟ್ಟಳು. ಒಂಬತ್ತು ದಿನ ಹಿಡಿಯಿತು. ತಿದ್ದಿದ ಭಾಗಗಳನ್ನು ಬಿಡಿಬಿಡಿಯಾಗಿ ರಂಜಿತನಿಗೆ ಕಳಿಸಿ, ಹತ್ತನೆಯ ದಿನ ಬೆಳಿಗ್ಗೆ ಮೂಡುಬಿದಿರೆಯ ಬಸ್ ಸ್ಟ್ಯಾಂಡಿಗೆ ಬರಲು ಹೇಳಿದಳು. ಸೇಸಮ್ಮ, "ನಾನೂ ಬರ್ತೇನೆ" ಎಂದು ಸೀರೆ ಬದಲಿಸಿದಳು.

ಇಬ್ರಾಹಿಂ ಇಂಜಿನ್ ಚಾಲೂ ಮಾಡಿಯೇ ಹಾಡು ಹಚ್ಚಿದ. ಕಿಕ್ ಕಡಲೆ ಸಿಡಿದ ಹಾಗೆ ಟಕಟಕನೆ ಓಡಿತು. ಅದರ ಅಡಿಯಲ್ಲಿ, ಇಂಜಿನ್ನಿನ ಗುರುಗುಟ್ಟುವಿಕೆಯನ್ನೂ ಒತ್ತಿಹಿಡಿದು, ಒಂದು ನಡಿಗೆ. ಒಂದೊಂದು ಸ್ವರವೂ ಬೇರೆ ಬೇರೆ. ಆ ನಡಿಗೆಗೆ ಮಿಡಿಯುತ್ತಿದ್ದ ಸೀಟಿನ ಕಂಬಿ ಹಿಡಿದಿದ್ದ ಸೇಸಮ್ಮ ಅಂಗೈ ನೋಡಿಕೊಂಡಳು.

"ಈ ಕೆಳಗೆ ನಡೀತಾ ಇರುವವರು ಯಾರು?"

"ನಾನಮ್ಮ."

"ಮತ್ತೆ ಮೊದಲಿನ ಹಾಡಿನ ಗರಗಸ?"

"ಅದು ರಂಜಿತಂದು. ನಂದು ತೆಗೆದಿದ್ರು. ನಿನಗೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಸೇಸಮ್ಮ ಮಗಳ ಕಡೆ ತಿರುಗಿದಳು. "ಹನ್ನೊಂದು ಜನಕ್ಕೆ ಹೇಳಿದ್ದೇನಲ್ಲ ಮಾರಾಯ್ತಿ! ಅಡ್ಡಿಲ್ಲ. ನಾಳೆ ಹನ್ನೊಂದು ಜನಕ್ಕೂ ಇದನ್ನು ಕೇಳಿಸ್ತೇನೆ. ಗರಗಸ ಯಾರು ಬೇಕಾದ್ರೂ ಎಳೀಲಿ. ಇದು ಮರ ಹೊರುವ ಕೆಲಸ."

"ಗೇರ್‌ಬಾಕ್ಸ್ ರಿಪೇರಿ ಆಯ್ತು" ಎಂದು ಇಬ್ರಾಹಿಂ ನಕ್ಕ.

ರಂಜಿತ್ ನಗಲಿಲ್ಲ. "ಚಂದ ಉಂಟು, ಇಲ್ಲ ಅನ್ನುದಿಲ್ಲ. ಆದ್ರೆ ಮನೆಯಲ್ಲಿ ನನ್ನ ಗಿಟಾರ್ ಒಂದನ್ನೇ ಕೇಳಿದೆ. ತಳವೇ ಇಲ್ಲ, ತಗಡು! ನಂದನ್ನು ಮೊದಲಿನ ಹಾಗೆ ಮಾಡು. ಬೇಸ್ ಕಮ್ಮಿ ಮಾಡು."

"ಎಷ್ಟು ಕಮ್ಮಿ?"

"ಉಂಟು ಅಂತ ಗೊತ್ತಾಗದಷ್ಟು. ಜನ ಕೇಳ್ಲಿಕ್ಕೆ ಬರುದು ಗಿಟಾರನ್ನು."

"ಈಗ ಬಸ್ಸಿನಲ್ಲಿ ಕೇಳಿದೆಯಲ್ಲ, ತಗಡು ಅನಿಸಿತಾ?"

ರಂಜಿತ್ ಆಚೆ ನೋಡಿದ. "ಇಲ್ಲ. ಇಲ್ಲಿ ದಪ್ಪ ಕೇಳ್ತದೆ."

"ಆ ದಪ್ಪ ನಾನು, ರಂಜಿತ್."

ಕಂಡಕ್ಟರ್ ಸೀಟಿ ಊದಿದ. ಗೇರಿನ ಮೇಲೆ ಕೈಯಿಟ್ಟ ಇಬ್ರಾಹಿಂ ಕದಲಲಿಲ್ಲ. ಅವನಿಗೂ ಉತ್ತರ ಬೇಕಿತ್ತು.

"ಕೋಣೆ ನಮ್ಮದು, ಬ್ಯಾಂಡು ನಂದು" ಅಂದ ರಂಜಿತ್. ಸ್ವರ ಏರಿತ್ತು. "ನಾಳೆ ಸಂಜೆಯೊಳಗೆ ಬೇಸ್ ಕಮ್ಮಿ ಮಾಡಿ ಕಳಿಸು. ಇಲ್ಲಾಂದ್ರೆ ಬೇಸಿಗೆ ಬೇರೆಯವರು ಸಿಕ್ತಾರೆ."

ವಿಜೇತಾ ಅಮ್ಮನ ಕಡೆ ನೋಡಿದಳು. ಸೇಸಮ್ಮ ಇನ್ನೂ ಕಂಬಿ ಹಿಡಿದೇ ಇದ್ದಳು. ವಿಜೇತಾ ಮುಂದೆ ಬಾಗಿ ಪೆನ್‌ಡ್ರೈವನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ಸಿಗ್ಲಿ. ನಾನು ಕಮ್ಮಿ ಮಾಡುದಿಲ್ಲ."